ಮೇಣದ ಬ್ಲಾಕಿನಲ್ಲಿ ಅಣ್ಣ

ಮಾರ್ಚ್ 3, ಬೆಳಿಗ್ಗೆ 11
ರೋಗಿಗಳ ಮಾಂಸದ ಚೂರು ಹುದುಗಿಸಿದ ಇಪ್ಪತ್ತೆರಡು ಮೇಣದ ಬ್ಲಾಕ್ ಕತ್ತರಿಸಿ ಆಯ್ತು. ತುಟಿ ಊದಿದೆ. ಲ್ಯಾಬಿನಲ್ಲಿ ಮಾಸ್ಕ್ ಇರುವುದು ಪುಣ್ಯ. ನಿನ್ನೆ ಅಣ್ಣ ಎಸೆದ ಸ್ಟೂಲಿಗೆ ಅಮ್ಮನ ಮಣಿಕಟ್ಟು ಮುರಿಯಿತು. ಊಟ ತಣ್ಣಗಿತ್ತಂತೆ!
ಇಪ್ಪತ್ತಮೂರನೆಯದರ ಚೀಟಿ... ಅವನದೇ ಹೆಸರು. ಮೂರನೇ ಸಲದ ಅಲ್ಸರ್, ಕರುಳಿನ ಚೂರು. ಅಕ್ಕಿಕಾಳಿಗಿಂತ ಚಿಕ್ಕದು. ಇಷ್ಟೇನಾ ನೀನು?

ಮಾರ್ಚ್ 4
ಲ್ಯಾಬಿನ ಡಾಕ್ಟರಮ್ಮ ಆ ಚೂರಿನ ಮೊದಲ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ನನ್ನ ಅಣ್ಣನದು ಅಂತ ನಾನು ಹೇಳಲಿಲ್ಲ.
"ಹಾರ್ಮೋನ್ ಸುರಿಸೋ ಕೋಶ ಇವು. ಅಲ್ಲೊಂದು ಇಲ್ಲೊಂದು ಇರ್ಬೇಕು. ಇಲ್ಲಿ ದಂಡು ಕಟ್ಟಿವೆ ನೋಡು. ಸದ್ದಿಲ್ದೆ ರಕ್ತಕ್ಕೆ ಸುರೀತವೆ, ಹೊಟ್ಟೆ ಆಸಿಡ್ ಕಾರುತ್ತೆ. ಗಂಟಿದ್ರೆ ತೆಗೀಬಹುದು. ಬಿಟ್ರೆ ಕರುಳು ತೂತಾಗುತ್ತೆ."
ಖಾತ್ರಿಗೆ ಆ ಕೋಶಗಳನ್ನು ಮಾತ್ರ ಕಂದು ಬಣ್ಣವಾಗಿಸುವ ಸ್ಟೇನ್ ಬೇಕು. ಅದೇ ಬ್ಲಾಕಿನಿಂದ ಇನ್ನೆರಡು ತೆಳು ಸೆಕ್ಷನ್ ಕತ್ತರಿಸು ಅಂದರು.

ಮಾರ್ಚ್ 5
ಬೆಳಿಗ್ಗೆ ಅಮ್ಮನ ಕೂದಲು ಹಿಡಿದು ಗೋಡೆಗೆ ಗುದ್ದಿದ. ಅಡ್ಡ ಹೋದೆ, ನನಗೂ ಬಿತ್ತು. ಕಿವಿ ಇನ್ನೂ ಗುಯ್ ಅನ್ನುತ್ತಿದೆ.
ಒಂದು ಸೆಕ್ಷನ್ ತೆಗೆದು ಸ್ಟೇನ್ ಮಾಡಿದೆ. ಕಂದು, ಕಂದು, ಗುಂಪುಗುಂಪಾಗಿ ಕಂದು. ಆಮೇಲೆ ಬ್ಲಾಕ್ ಸೀಳುವ ಯಂತ್ರ, ಮೈಕ್ರೋಟೋಮಿನ ಚಕ್ರ ತಿರುಗಿಸಿದೆ. ನಿಲ್ಲಿಸಲಿಲ್ಲ. ಬ್ಲೇಡು ಅವನನ್ನು ಎಳೆಎಳೆಯಾಗಿ ಸೀಳಿತು — ಬರೀ ಮೇಣ ಉಳಿಯುವವರೆಗೆ. ಹಿತವಾಯಿತು. ಸುಳ್ಳು ಯಾಕೆ ಬರೆಯಲಿ.
"ಸ್ಟೇನ್ ಮಾಡೋಕ್ಮುಂಚೆನೇ ಚೂರು ಮುಗಿದೋಯ್ತು ಮೇಡಂ" ಅಂದೆ. ಇದ್ದ ಒಂದೇ ಕಂದು ಸ್ಲೈಡ್ ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ.

ಮಾರ್ಚ್ 9
ಚೂರು ಸಾಲಲಿಲ್ಲ, ಮತ್ತೆ ಟೆಸ್ಟಿಗೆ ಬನ್ನಿ ಅಂತ ಆಸ್ಪತ್ರೆಯಿಂದ ಅಣ್ಣನಿಗೆ ಫೋನ್.
"ಇನ್ನೊಂದ್ಸಲ ಆ ಪೈಪ್ ನುಂಗ್ಬೇಕಾ? ನಿಮ್ಮಪ್ಪ ನುಂಗ್ಲಿ!"
ಫೋನನ್ನು ಗೋಡೆಗೆ ಅಪ್ಪಳಿಸಿದ. ಆಮೇಲೆ ನನ್ನನ್ನು.

ಮಾರ್ಚ್ 21, ಮಧ್ಯಾಹ್ನ, ಆಸ್ಪತ್ರೆಯ ಬೆಂಚು
ಮೊನ್ನೆ ಬಕೆಟ್ ತುಂಬ ರಕ್ತ ಕಾರಿದ. ಕರುಳು ತೂತು. ಹೊಲಿದಿದ್ದಾರೆ. ಹೊಲಿಗೆ ಮಾಗುವವರೆಗೆ ಮತ್ತೆ ಪೈಪ್ ಇಳಿಸುವಂತಿಲ್ಲ. ಕಾರಣ ಖಾತ್ರಿಯಾಗದಿದ್ದರೆ ಮತ್ತೆ ಒಡೆಯುತ್ತದಂತೆ, ಆಗ ಉಳಿಯುವುದಿಲ್ಲವಂತೆ. ಡಾಕ್ಟರಮ್ಮ ಕೇಳಿದರು, "ಕಂದು ಸ್ಟೇನಿಗೆ ಇನ್ನೊಂದು ಸ್ಲೈಡೂ ಉಳಿದಿಲ್ವಾ?" ಹುಡುಕುತ್ತೇನೆ ಅಂದೆ. ಜೇಬಿನಲ್ಲೇ ಇದೆ.
ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಹೆತ್ತವಳು, ಶಪಿಸುತ್ತಾಳೆ ಅಂದುಕೊಂಡೆ. ಪ್ಲಾಸ್ಟರ್ ಹಾಕಿದ ಕೈ ನೋಡುತ್ತಾ ಕೂತಳು.
"ಅವ್ನು ಮನೇಲಿಲ್ಲ ಅಂತ ಎರಡು ದಿನ ನಿದ್ದೆ ಬಂತು ಕಣೇ."
ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಕೊಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ.
ಡಾಕ್ಟರಮ್ಮ ಈ ಕಡೆಗೇ ಬರುತ್ತಿದ್ದಾರೆ. ಏಳಬೇಕು. ಅಮ್ಮ ನನ್ನ ಜೇಬಿನ ಮೇಲೆ ಕೈ ಇಟ್ಟಿದ್ದಾಳೆ. ಒತ್ತುತ್ತಿದ್ದಾಳೆ. ಇನ್ನೊಂಚೂರು ಒತ್ತಿದರೆ ಗಾಜು