ಹದಿನೈದನೇ ತಾರೀಕಿನ ಸೂತಕ

ಉರಾಮಾಚಿ
ಶೋವಾ ೫೦ (೧೯೭೫), ಫೆಬ್ರವರಿ ೩, ಸೋಮವಾರ

ಇವಾವೊ ಅವರಿಗೆ,

ಕಿನುಯೊ ಮಾಡುವ ನಮಸ್ಕಾರ. ಇಲ್ಲಿ ಚಳಿ ಇನ್ನೂ ಇಳಿದಿಲ್ಲ. ನಿಮ್ಮ ಕೈ ಚಳಿಗೆ ಸೆಳೆಯುತ್ತಿರಬಹುದು.

ದೇಗುಲದಲ್ಲಿ ಪಲ್ಲಕ್ಕಿ ಹೊರುವವರ ಹೆಸರು ತೂಗುವ ಗೋಡೆಯಿಂದ ನಿಮ್ಮ ಹಲಗೆಯನ್ನು ಕಳೆದ ಗುರುವಾರ ಇಳಿಸಿದ್ದಾರೆ. ನನಗೆ ಇದನ್ನು ಹೇಳಿದವರು ಕಿರಿಯ ಅರ್ಚಕ ಮಿಸುಮಿ. ಅವರು ಹೊಸ್ತಿಲು ದಾಟಲಿಲ್ಲ, ರಸ್ತೆಯಲ್ಲೇ ನಿಂತು ಹೇಳಿದರು. ಈಗ ಹಲಗೆ ಕಚೇರಿಯ ಕಪಾಟಿನಲ್ಲಿದೆ. ಅದನ್ನು ಮತ್ತೆ ತೂಗುಹಾಕುವುದೋ ಸುಡುವುದೋ ಎಂದು ಉರಾಮಾಚಿ, ಶಿಯೊಯಾ ಎರಡೂ ಕೇರಿಯ ಹಿರಿಯರು ಕೂತು ತೀರ್ಮಾನಿಸುತ್ತಾರಂತೆ. ಸುಟ್ಟರೆ ನೀವು ಪಲ್ಲಕ್ಕಿಗೆ ಹೆಗಲು ಕೊಡುವಂತಿಲ್ಲ. ಕೇರಿಯವರು ನಿಮ್ಮಿಂದ ದೋಣಿ ಮಾಡಿಸುವುದಿಲ್ಲ. ಈ ಊರಿಗೆ ನೀವು ವಾಪಸು ಬರುವ ದಾರಿ ಅಲ್ಲಿಗೆ ಮುಚ್ಚಿತು.

ಶನಿವಾರ ಕೋಬೆಯಿಂದ ಒಂದು ಬಸ್ಸು ಜನ ದೇಗುಲ ನೋಡಲು ಬಂದಿದ್ದರಂತೆ. ಇನ್ನೂರು ವರ್ಷದ ಹಲಗೆಗಳ ಫೋಟೊ ತೆಗೆದುಕೊಳ್ಳುವಾಗ ಒಬ್ಬ ಹೆಂಗಸು, ಈ ಒಂದು ಮೊಳೆ ಯಾಕೆ ಖಾಲಿ ಎಂದು ಕೇಳಿದಳಂತೆ. ತೊಳೆಯೋಕೆ ಕೊಟ್ಟಿದೀವಿ ಎಂದುಬಿಟ್ಟರಂತೆ ಮಿಸುಮಿ. ಇದನ್ನು ಹೇಳುವಾಗ ಅವರಿಗೇ ನಗು ಬಂತು, ಆಮೇಲೆ ಮುಖ ತಗ್ಗಿಸಿದರು.

ಅಕ್ಟೋಬರ್ ಹದಿನೈದರ ಸಂಜೆಯಿಂದ ನೀವು ಮನೆ ಬಿಟ್ಟ ದಿನದವರೆಗೆ ಮೂವತ್ತಾರು ದಿನ ನಾವಿಬ್ಬರೂ ಮಾತಾಡಲಿಲ್ಲ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಹಾಗಾಗಿ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಅತ್ತೆ ತೀರಿಕೊಂಡದ್ದು ಹಬ್ಬದ ದಿನ, ಹದಿನೈದರ ಬೆಳಿಗ್ಗೆ ಐದು ನಲವತ್ತಕ್ಕೆ. ಗಂಜಿ ತೆಗೆದುಕೊಂಡು ಹೋದಾಗ ಉಸಿರಿತ್ತು. ಎರಡು ಚಮಚ ಕುಡಿದರು. ಮೂರನೆಯದು ಬಾಯಿಂದ ಹೊರಗೆ ಬಂತು. ಗಲ್ಲ ಒರೆಸಿದೆ. ಆಮೇಲೆ ಗೊತ್ತಾಯಿತು.

ಒಂದು ವಾರದಿಂದ ಅವರು ನನಗೆ ಹೇಳುತ್ತಲೇ ಇದ್ದರು. ನೀವು ಎದುರಿಗಿದ್ದಾಗ ಹೇಳುತ್ತಿರಲಿಲ್ಲ. ಮಗ ಇಪ್ಪತ್ತೊಂದು ವರ್ಷ ಪಲ್ಲಕ್ಕಿ ಹೊತ್ತು, ಮುರಿದದ್ದನ್ನು ಪ್ರತಿ ವರ್ಷ ತಾನೇ ಜೋಡಿಸಿ, ಈ ವರ್ಷ ಮುಂದಾಳಾಗಿದ್ದಾನೆ. ಮನೆಯಲ್ಲಿ ಸಾವಾದರೆ ಒಂದು ವರ್ಷ ತೋರಿ ಕಮಾನಿನ ಕೆಳಗೆ ಕಾಲಿಡುವಂತಿಲ್ಲ, ಮುಂದಿನ ವರ್ಷ ಮುಂದಾಳುತನ ಬೇರೆಯವರಿಗೆ ಹೋಗುತ್ತದೆ ಎನ್ನುತ್ತಿದ್ದರು. ನಾನು ಹಾಗೆಲ್ಲ ಮಾತಾಡಬೇಡಿ ಎಂದರೆ ನಗುತ್ತಿದ್ದರು. ಅವರ ಮಾತು ಇದ್ದಹಾಗೇ ಬರೆಯುತ್ತೇನೆ: “ಹದಿನೈದಕ್ಕೆ ಸತ್ರೆ ಹದಿನಾರಕ್ಕೆ ಸತ್ಲು ಅನ್ನು ಕಣೇ. ಸಾಯೋಳು ನಾನು, ತಾರೀಕೂ ನಂದೇ. ಅವನ್ನ ಕೇಳಬೇಡ. ಕೇಳಿದ್ರೆ ಅವನು ಹೋಗೋದಿಲ್ಲ.”

ನಾನು ನಿಮ್ಮನ್ನು ಕೇಳಲಿಲ್ಲ. ಸಾವಾದ ಮನೆಯಲ್ಲಿ ಮಾಡುವಂತೆ ದೇವರ ಗೂಡಿಗೆ ಬಿಳಿ ಕಾಗದ ಅಂಟಿಸಲಿಲ್ಲ. ಅವರ ಮುಖವನ್ನು ಗೋಡೆಯ ಕಡೆ ತಿರುಗಿಸಿ ಹೊದಿಕೆ ಎಳೆದೆ. ನಿಮಗೆ ಹಬ್ಬದ ಕೆಂಪು ಅಲಸಂದೆ ಅನ್ನ ಬಡಿಸಿದೆ. ನೀವು ಊಟ ಮುಗಿಸಿ ಬಾಗಿಲ ಬಳಿ ನಿಂತು, ಅಮ್ಮಾ, ಹೋಗಿ ಬರ್ತೀನಿ ಎಂದಿರಿ. ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಬೇಡಿ ಎಂದೆ. ಮುಂದಾಳಿನ ಹೆಂಡತಿಯಾಗಿ ಕೆಂಪು ಬಟ್ಟೆ ಸುತ್ತಿದ ಕೋಲನ್ನು ನಾನೇ ನಿಮ್ಮ ಕೈಗೆ ಕೊಟ್ಟೆ. ಸೂತಕದ ಕೈಯಿಂದ ಕೊಟ್ಟೆ. ನಿಮಗೆ ಗೊತ್ತಿರಲಿಲ್ಲ.

ಮನೆಗೆ ಬೀಗ ಹಾಕಿ ನಾನೂ ಬಂದೆ. ಬರದಿದ್ದರೆ ಕೇರಿಯ ಹೆಂಗಸರು ಯಾಕೆ ಎಂದು ಕೇಳುತ್ತಿದ್ದರು. ತೋರಿಯ ಕೆಳಗೆ ಹೋಗದೆ, ಗುಡ್ಡದ ಹಿಂದಿನಿಂದ ಬಳಸಿ, ನೋಡುವವರಿಗೆ ಹಾಕಿದ ಹಲಗೆ ಮೆಟ್ಟಿಲ ಮೇಲೆ ಕೂತೆ. ಹಾಗೆ ಮಾಡಿದರೆ ತಪ್ಪು ಅರ್ಧವಾಗುತ್ತದೆ ಎಂದುಕೊಂಡಿದ್ದೆ.

ಎರಡು ಕೇರಿಯ ಪಲ್ಲಕ್ಕಿಗಳ ಮೊದಲ ಎರಡು ಡಿಕ್ಕಿ ಪ್ರತಿ ವರ್ಷದಂತೆ ನಡೆದವು. ನಮ್ಮ ಪಲ್ಲಕ್ಕಿಯ ಚಾವಣಿಯ ಮೂಲೆ ಹಾರಿತು, ಶಿಯೊಯಾದವರ ಹಿತ್ತಾಳೆ ಹಕ್ಕಿ ತಲೆಕೆಳಗಾಗಿ ನೇತಾಡಿತು. ಜನ ಕೂಗಿದರು. ಮುರಿದಷ್ಟೂ ದೇವರಿಗೆ ಖುಷಿ, ನನಗೆ ಕೆಲಸ ಎಂದು ನೀವೇ ತಮಾಷೆ ಮಾಡುತ್ತಿದ್ದಿರಿ. ಒಬ್ಬನ ಹಣೆ ಒಡೆದಿತ್ತು. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಅವನು ಹೆಗಲ ಮೇಲಿನ ದಂಡಿಗೆ ಬಿಡಲಿಲ್ಲ.

ಮೂರನೆಯದು ಎರಡು ಇಪ್ಪತ್ತಕ್ಕೆ. ಎರಡು ಪಲ್ಲಕ್ಕಿಗಳೂ ಎದುರುಬದುರು ಎದ್ದು ನಿಂತು ಕುಸಿದವು. ಶಿಯೊಯಾದ ಮುಂದಿನ ಸಾಲಿನಲ್ಲಿದ್ದ ಶಿಗೆಕಿಯ ಕಾಲು ಜಾರಿತು. ನನ್ನ ಅಣ್ಣ ಗೆಂಝೊನ ಮಗ ಅವನು, ಇಪ್ಪತ್ತಮೂರು ವರ್ಷ. ಚಿಕ್ಕವನಿದ್ದಾಗ ನನ್ನ ಬೆನ್ನ ಮೇಲೆ ಬೆಳೆದವನು. ದಂಡಿಗೆಯ ಕೆಳಗೆ ಅವನ ಬಿಳಿ ಪಟ್ಟಿ ಕಟ್ಟಿದ ತಲೆ ಕಂಡಿತು, ಆಮೇಲೆ ಕಾಣಲಿಲ್ಲ. ಆ ಕ್ಷಣವೇ ನೀವು, ನಿಲ್ಲಿಸಿ ಎಂದು ಕೋಲು ಇಳಿಸಿದಿರಿ. ನಮ್ಮ ಕಡೆಯವರು ನಿಂತರು. ಶಿಯೊಯಾದ ಹಿಂದಿನ ಸಾಲಿಗೆ ಏನೂ ಕಾಣುತ್ತಿರಲಿಲ್ಲ, ಅವರು ತಳ್ಳುತ್ತಲೇ ಇದ್ದರು. ನೀವು ಕೋಲು ಬಿಸುಟು ಬರಿಗೈಯಲ್ಲಿ ದಂಡಿಗೆ ಎತ್ತಲು ನುಗ್ಗಿದಿರಿ. ಪಲ್ಲಕ್ಕಿ ಅವನ ಎದೆಯ ಮೇಲೆ ಕೂತಿತ್ತು. ಅದನ್ನು ಎತ್ತಲು ಹದಿನೆಂಟು ಜನ ಬೇಕಾಯಿತು. ಶಿಗೆಕಿಯ ಬಾಯಿಂದ, ಮೂಗಿಂದ ನೊರೆಯ ರಕ್ತ ಬರುತ್ತಿತ್ತು. ಪಕ್ಕೆಲುಬು ಅಂಗಿಯನ್ನು ಒಳಗಿಂದ ಎತ್ತಿ ಹಿಡಿದಿತ್ತು. ಆಸ್ಪತ್ರೆಯಲ್ಲಿ ಮೂರು ಹತ್ತಕ್ಕೆ ಹೋದ.

ನೀವು ಕೋಲು ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೊಲೀಸರು ಅಪಘಾತ ಎಂದು ಬರೆದುಕೊಂಡು ಹೋದರು. ಕೋಲಿನ ವಿಷಯ ಯಾರೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ.

ಸಂಜೆ ನೀವು ಮನೆಗೆ ಬಂದು ಅತ್ತೆಯ ಹೊದಿಕೆಯೊಳಗೆ ಕೈ ಇಟ್ಟಿರಿ. ಡಾಕ್ಟರ್ ಕುಸಾಕಾಬೆ ಬಂದು ಮೈ ಸೆಟೆದದ್ದನ್ನು ನೋಡಿ, ಬೆಳಿಗ್ಗೆಯೇ ಹೋಗಿದ್ದಾರೆ ಎಂದರು. ಆಗ ನೀವು ನನ್ನನ್ನು ಒಂದು ಸಲ ನೋಡಿದಿರಿ. ಆಮೇಲೆ ನೋಡಲಿಲ್ಲ.

ಮರುದಿನ ಮಧ್ಯಾಹ್ನ ನಾಲ್ಕಕ್ಕೆ ಐದು ಜನ ಬಂದರು. ಮೂವರು ಶಿಯೊಯಾದವರು, ಇಬ್ಬರು ನಮ್ಮ ಕೇರಿಯವರೇ. ನಮ್ಮವರು ಮೊದಲು ಹೊಡೆದರು, ಅದನ್ನು ಮರೆತಿಲ್ಲ. ಅತ್ತೆಯ ಮುಂದೆ ಹಚ್ಚಿಟ್ಟ ಊದುಬತ್ತಿಯ ಬಟ್ಟಲನ್ನು ಒದ್ದರು. ಬೂದಿ ಅತ್ತೆಯ ಮುಖದ ಮೇಲಿನ ಬಿಳಿ ಬಟ್ಟೆಗೆ ಬಿತ್ತು. ಗೆಂಝೊ ಅಣ್ಣನ ಕೈಯಲ್ಲಿ ಮುರಿದ ದಂಡಿಗೆಯ ತುಂಡಿತ್ತು.

“ಭಾವ ಅಂತ ಕರೆದ ಬಾಯಲ್ಲೇ ಕೇಳ್ತಿದೀನಿ,” ಎಂದ. “ಹೆಣ ಮನೇಲಿಟ್ಕೊಂಡು ದೇವರ ಮುಂದೆ ಕುಣಿದ್ಯಲ್ಲ, ನಿಂಗೆ ಗೊತ್ತಿತ್ತೋ ಇಲ್ವೋ?”

ನೀವು ಮೊಣಕಾಲೂರಿ ಕೂತಿದ್ದಿರಿ. ನನ್ನ ಕಡೆ ತಿರುಗದೆ ಹೇಳಿದಿರಿ: “ನಂಗೆ ಗೊತ್ತಿತ್ತು. ಕಿನುಯೊಗೆ ಗೊತ್ತಿರಲಿಲ್ಲ.”

“ಮಡಿ ಮುಂದಾಳು ನೋಡ್ರಪ್ಪ!” ಎಂದು ನಮ್ಮ ಕೇರಿಯ ಬೆಸ್ತ ತಾಕಿಗಾವಾ ನಕ್ಕ. ಅಣ್ಣ ದಂಡಿಗೆಯಿಂದ ನಿಮ್ಮ ಬಲಗೈಗೆ ಹೊಡೆದ. ಮೊದಲ ಏಟಿಗೆ ಮೂಳೆ ಮುರಿದ ಸದ್ದು ಕೇಳಿತು, ಒಣ ಬಿದಿರು ಸೀಳಿದ ಹಾಗೆ. ಎರಡನೆಯದಕ್ಕೆ ಮೂಳೆ ಚರ್ಮ ಹರಿದು ಹೊರಗೆ ಬಂತು. ತಾಕಿಗಾವಾ ಕಾಲಿನಿಂದ ನಿಮ್ಮ ತಲೆಯನ್ನು ಹೊಸ್ತಿಲಿಗೆ ಒತ್ತಿ ಹಿಡಿದ. ಎಡ ಕಿವಿ ಅರ್ಧ ಹರಿಯಿತು. ನೀವು ಕೈ ಎತ್ತಲಿಲ್ಲ. ಕೂಗಲೂ ಇಲ್ಲ. ಅವರು ಸುಸ್ತಾದ ಮೇಲೆ ನಿಲ್ಲಿಸಿದರು.

ನಾನು ಮೂಲೆಯಲ್ಲಿ ನಿಂತಿದ್ದೆ. ಅಲ್ಲಿಂದ ನಿಮ್ಮವರೆಗೆ ನಾಲ್ಕು ಹೆಜ್ಜೆ. ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ ಎಂದಿದ್ದರೆ ಸಾಕಿತ್ತು. ಹೇಳಲಿಲ್ಲ. ಶಿಗೆಕಿ ಸತ್ತಿದ್ದ, ಹೊಡೆಯುತ್ತಿದ್ದವನು ನನ್ನ ಅಣ್ಣ. ಆ ದಂಡಿಗೆ ನನ್ನ ಕಡೆ ತಿರುಗುತ್ತದೆ ಎಂದು ಹೆದರಿದೆ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಅತ್ತೆಯ ಸಾವಿನ ಗಳಿಗೆ ಶಿಯೊಯಾಕ್ಕೆ ಹೇಗೆ ಮುಟ್ಟಿತು ಎಂಬುದಕ್ಕೆ ಎಲ್ಲರೂ ಡಾಕ್ಟರ ಕಡೆಗೇ ಬೆರಳು ತೋರಿಸಿದರು. ನೀವೂ ಹಾಗೇ ತಿಳಿದಿರಿ. ಊರು ಬಿಡುವ ಮುಂಚಿನ ದಿನ ಎಡಗೈಯಲ್ಲಿ ಸುತ್ತಿಗೆ ಹಿಡಿದು ಅವರ ದವಾಖಾನೆಯ ಗಾಜುಗಳನ್ನೆಲ್ಲ ಪುಡಿಮಾಡಿದಿರಿ. ಅವರ ಕೆನ್ನೆಗೆ ಚೂರು ಹೊಕ್ಕು ನಾಲ್ಕು ಹೊಲಿಗೆ ಬಿತ್ತು. ಅವರು ದೂರು ಕೊಡಲಿಲ್ಲ. ಈಗಲೂ ದಾರಿಯಲ್ಲಿ ಸಿಕ್ಕಿದರೆ, ಇವಾವೊ ಕೈ ಹೇಗಿದೆ, ಬೆರಳು ಮಡಚೋಕಾಗತ್ತಾ ಎಂದು ಕೇಳುತ್ತಾರೆ. ನನಗೂ ಗೊತ್ತಿಲ್ಲ. ನೀವು ಬರೆದಿಲ್ಲ.

ನಿಮ್ಮ ವಿಳಾಸ ಓಸಾಕಾದ ಹಡಗುಕಟ್ಟೆಯಿಂದ ಸಿಕ್ಕಿತು. ಒಂದು ಕೈಯವನಿಗೆ ಹಗ್ಗ ಎಣಿಸುವ ಕೆಲಸ ಕೊಟ್ಟಿದೀವಿ ಎಂದರು ಫೋನಿನಲ್ಲಿ. ನಿಮ್ಮ ಉಳಿಗಳನ್ನು ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಮನೆಗೆ ಬನ್ನಿ ಎಂದು ಕರೆಯುವ ಹಕ್ಕು ನನಗಿಲ್ಲ. ಆದರೆ ಬಾರದಂತೆ ಊರು ಮಾಡುವುದನ್ನು ತಡೆಯುವುದು ನನ್ನಿಂದಾಗುತ್ತದೆ. ಸಭೆಯಲ್ಲಿ ಮಾತಾಡಬೇಕು ಎಂದು ಮಿಸುಮಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಹಲಗೆಯ ಗೋಡೆಯ ವಿಷಯದಲ್ಲಿ ಹೆಂಗಸೊಬ್ಬಳು ಮಾತಾಡಿದ್ದು ಇದುವರೆಗೆ ಇಲ್ಲವಂತೆ. ಅವರು ಒಂದು ದಿನ ಯೋಚಿಸಿ ಒಪ್ಪಿದರು.

ಇಷ್ಟು ಬರೆದು ಮೂರು ಸಲ ಓದಿದೆ. ತಾರೀಕು, ಗಳಿಗೆ ಎಲ್ಲ ಸರಿಯಿದೆ.

ಇಂತಿ,
ಕಿನುಯೊ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ಡಾಕ್ಟರ್ ಯಾರಿಗೂ ಏನೂ ಹೇಳಲಿಲ್ಲ. ಹೇಳಿದವಳು ನಾನು. ಹದಿನೈದರ ಮಧ್ಯಾಹ್ನ ಆಸ್ಪತ್ರೆಯ ಓಣಿಯಲ್ಲಿ ಗೆಂಝೊ ಅಣ್ಣ ಮಗನ ರಕ್ತ ಮೆತ್ತಿದ ಪಟ್ಟಿ ಹಿಡಿದು, ದೇವರು ಯಾಕಮ್ಮ ಹೀಗೆ ಮಾಡಿದ ಎಂದು ಕೇಳಿದ. ಅತ್ತೆ ಬೆಳಿಗ್ಗೆಯೇ ಹೋಗಿದ್ದಾರೆ, ನಮ್ಮ ಸೂತಕ ತಟ್ಟಿತು ಎಂದೆ. ಇವಾವೊಗೂ ಗೊತ್ತಿತ್ತಾ ಎಂದು ಕೇಳಿದ. ಗೊತ್ತಿತ್ತು ಎಂದೆ. ಒಬ್ಬಳೇ ಹೊರಲಾರದೆ ಹೇಳಿದ ಸುಳ್ಳು ಅದು. ಮರುದಿನ ನೀವು, ಕಿನುಯೊಗೆ ಗೊತ್ತಿರಲಿಲ್ಲ ಎಂದಾಗ ಅದು ಸುಳ್ಳು ಎಂದು ಅಣ್ಣನಿಗೂ ಗೊತ್ತಿತ್ತು. ಅವನು ನನ್ನನ್ನು ನೋಡಿ, ಆಮೇಲೆ ದಂಡಿಗೆ ಎತ್ತಿದ.

ಸಭೆ ಭಾನುವಾರ, ಫೆಬ್ರವರಿ ೯, ಬೆಳಿಗ್ಗೆ ಹತ್ತಕ್ಕೆ. ನಮ್ಮ ಸೂತಕದ ವರ್ಷ ಮುಗಿದಿಲ್ಲವಾದ್ದರಿಂದ ನಾನು ತೋರಿ ದಾಟುವಂತಿಲ್ಲ. ಹಿರಿಯರು ಹೊರಗೆ ಕಲ್ಲುಮೆಟ್ಟಿಲಿಗೆ ಬಂದು ಕೇಳುತ್ತಾರೆ. ಮೊದಲು ಗೆಂಝೊ ಮಾತಾಡುತ್ತಾನೆ, ಆಮೇಲೆ ನಾನು.