ವಿವಾಹಪತ್ರದಲ್ಲಿ ತಂದೆಯ ಉದ್ಯೋಗ

ಸಕಲ ಕೃಪೆಗೂ ಮೂಲನಾದ ಕರ್ತನಿಗೆ ಸ್ತೋತ್ರವಾಗಲಿ.

ಬರ್ನ್ಲಿ,
ಕ್ರಿಸ್ತಶಕ ಎರಡು ಸಾವಿರದ ಇಪ್ಪತ್ತನಾಲ್ಕನೆಯ ವರ್ಷ, ಪುನರುತ್ಥಾನದ ಹಬ್ಬ ಕಳೆದ ಎರಡನೆಯ ಭಾನುವಾರ, ಏಪ್ರಿಲ್ ಹದಿನಾಲ್ಕು.

ಚಿರಂಜೀವಿ ತಬಿತಾಳಿಗೆ ತಂದೆಯ ಮನಃಪೂರ್ವಕ ಆಶೀರ್ವಾದಗಳು.

ನಾನು ಕ್ಷೇಮ. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಮದುವೆಯ ದಿನ ಸಹಿ ಹಾಕಬೇಕಾದ ವಿವಾಹಪತ್ರದ ಕರಡು ಕೈಸೇರಿ ಹನ್ನೆರಡು ದಿನಗಳಾದವು. ಹೆಸರುಗಳ ಅಕ್ಷರ ಸರಿಯಿದೆಯೇ ಎಂದಷ್ಟೇ ನೋಡಿ ತಿಳಿಸಬೇಕೆಂದು ನೀನು ಕೇಳಿದ್ದೆ. ಅಕ್ಷರಗಳೆಲ್ಲ ಸರಿಯಿವೆ. ವಿಲ್ಫ್ರೆಡ್ ಆಶ್ವರ್ತ್ ಎಂಬ ಹೆಸರಿನ ಎದುರು, ತಂದೆಯ ಉದ್ಯೋಗವೆಂಬಲ್ಲಿ, 'ನಿವೃತ್ತ ಪರಿಸರ ನಿರ್ವಹಣಾಧಿಕಾರಿ' ಎಂದಿದೆ. ಅಂಥವನೊಬ್ಬನನ್ನು ನಾನು ಈವರೆಗೆ ಭೇಟಿಯಾಗಿಲ್ಲ.

ಕರಡು ಮೇಜಿನ ಮೇಲಿದ್ದಾಗ ನಿನ್ನ ಸೋದರತ್ತೆ ಡೋರೀನ್ ಬಂದಳು. ಕನ್ನಡಕ ಏರಿಸಿ ಓದಿದವಳು ಕುಳಿತಲ್ಲೇ ನಕ್ಕಳು.

"ಅಲ್ಲಣ್ಣ, ಅಧಿಕಾರಿ ಆಗಿದ್ದೆ ಅಂತ ಒಂದ್ಮಾತು ಹೇಳ್ಬಾರ್ದಿತ್ತಾ? ಬೆಳಗಾಗೆದ್ದು ಲಾರಿ ಹಿಂದೆ ನೇತಾಡ್ಕೊಂಡು ಹೋಗ್ತಿದ್ದೋನು ಯಾರು ಮತ್ತೆ, ನಿನ್ನ ಜವಾನನಾ?"

"ಮಗು ಏನೋ ಗೌರವಕ್ಕೆ ಬರೆದಿದೆ ಬಿಡೇ."

"ಯಾರ ಗೌರವಕ್ಕೆ?" ಎಂದಳು. ಚಹಾ ಬಸಿಯುವ ನೆಪದಲ್ಲಿ ಎದ್ದುಹೋದೆ.

ಮಗಳೇ, ಮೂವತ್ತೊಂದು ವರ್ಷ ಈ ಊರಿನ ಕಸವನ್ನು ಎತ್ತಿದವನು ನಾನು. ಭಾನುವಾರಗಳಲ್ಲಿ ಅದೇ ಕೈಗಳಿಂದ ವೇದಪುಸ್ತಕವನ್ನು ತೆರೆದು ಪ್ರಸಂಗ ಮಾಡಿದೆ. ನಮ್ಮ ಪ್ರಾರ್ಥನಾಮಂದಿರದಲ್ಲಿ ಒಬ್ಬರಾದರೂ ಆ ಕೈಗಳನ್ನು ಕಂಡು ಹಿಂಜರಿಯಲಿಲ್ಲ. ಬಡಗಿಯ ಮನೆಯಲ್ಲಿ ಬೆಳೆದವನನ್ನು ಆರಾಧಿಸುವವರು ಕೂಲಿಯ ಕೆಲಸಕ್ಕೆ ನಾಚುವುದು ಹೇಗೆ?

ಬೀಗರ ಅಂಜಿಕೆಯಿಂದ ನೀನು ಹಾಗೆ ಬರೆಸಿದ್ದರೆ, ಆ ಅಂಜಿಕೆಯನ್ನು ಇಂದೇ ಬಿಡು. ಫೆಬ್ರವರಿಯಲ್ಲಿ ಅವರ ಮನೆಗೆ ಊಟಕ್ಕೆ ಹೋಗಿದ್ದೆವಲ್ಲ. ನಾನು ಇಸ್ತ್ರಿ ಮಾಡಿದ ಕರಿಯ ಕೋಟು ತೊಟ್ಟಿದ್ದರೆ, ಫೀಲಿಕ್ಸನ ತಂದೆ ಕಾರ್ಬೆಟ್ ಅವರು ಮೊಣಕೈ ತೂತಾದ, ನಾಯಿಯ ಕೂದಲು ಹತ್ತಿದ ಉಣ್ಣೆಯ ಅಂಗಿಯಲ್ಲಿ ಬಾಗಿಲು ತೆರೆದರು. ತೂತಿನ ಅಂಗಿಯಲ್ಲಿ ಅತಿಥಿಗಳನ್ನು ಎದುರುಗೊಳ್ಳುವ ಧೈರ್ಯಕ್ಕೆ ಬೆನ್ನ ಹಿಂದೆ ಏಳು ತಲೆಮಾರಿನ ಮನೆಯೊಂದು ಇರಬೇಕು. ನಮ್ಮಂಥವರು ಹಾಗೆ ನಿಂತರೆ ಜನ ಅದಕ್ಕೆ ಬೇರೆಯೇ ಅರ್ಥ ಕಟ್ಟುತ್ತಾರೆ. ನೀನೂ ಫೀಲಿಕ್ಸನೂ ತಟ್ಟೆಗಳನ್ನು ಒಳಗೆ ಒಯ್ದಾಗ, ನಾನು ಸೊಂಟ ಹಿಡಿದುಕೊಂಡು ಕೂರುವುದನ್ನು ಅವರು ಕಂಡರು.

"ಬೆನ್ನಿಗೆ ಏನಾಯ್ತ್ರೀ?"

"ಮೂವತ್ತೊಂದು ವರ್ಷ ಕಸದ ಡಬ್ಬಿ ಎತ್ತಿದ್ದೀನಿ, ಬೀಗರೇ. ಅದರದ್ದೇ ಬಳುವಳಿ."

ಅವರು ಕುರ್ಚಿಯನ್ನು ಹತ್ತಿರಕ್ಕೆಳೆದರು. "ಹಾಗಾದ್ರೆ ನೀವೇ ಹೇಳ್ರಿ. ನಮ್ಮ ಕಡೆ ಕಸದೋರು ಬುಧವಾರ ಬರ್ತೀವಿ ಅಂತಾರೆ, ಬರೋದೇ ಇಲ್ಲ. ಯಾಕೆ?"

"ಡಬ್ಬಿನ ಗೇಟಿನ ಒಳಗೇ ಇಟ್ಟಿದ್ದೀರಲ್ಲ. ಬೀದಿಗೆ ತಂದಿಡಿ, ಬರ್ತಾರೆ. ನಿಮ್ಮ ನಾಯಿಗಳಿರೋ ಅಂಗಳಕ್ಕೆ ನಾನಾದ್ರೂ ಕಾಲಿಡ್ತಿರಲಿಲ್ಲ."

ಅವರು ಬಿದ್ದುಬಿದ್ದು ನಕ್ಕು ಹೆಂಡತಿಯನ್ನು ಕೂಗಿದರು. "ಕೇಳಿದ್ಯೇನೇ? ಇಪ್ಪತ್ತು ವರ್ಷ ಕೌನ್ಸಿಲ್‌ಗೆ ಕಾಗದ ಬರೆದದ್ದೇ ಬಂತು. ತಪ್ಪು ನಮ್ಮದೇ ಅಂತೆ."

ಆದುದರಿಂದ, ನೀನು ಮರೆಮಾಡಿದುದು ಅವರಿಗೆ ಆಗಲೇ ಗೊತ್ತಿದೆ. ಮದುವೆಯ ದಿನ ನಾನು ಬರುತ್ತೇನೆ. ನಿನ್ನ ಕೈಹಿಡಿದು ವೇದಿಕೆಯವರೆಗೆ ನಡೆಸುತ್ತೇನೆ. ಆದರೆ ಸಾಕ್ಷಿಯಾಗಿ ಸಹಿ ಮಾಡಬೇಕಾದ ಕಾಗದದಲ್ಲಿ ಸುಳ್ಳಿದ್ದರೆ ನನ್ನ ಲೇಖನಿ ಏಳದು. ಕಾನೂನನ್ನು ಓದಿದ ನಿನಗೆ ನಾನು ಹೆಚ್ಚು ಹೇಳಬೇಕಿಲ್ಲ. 'ಕಸ ಸಾಗಿಸುವವನು, ನಿವೃತ್ತ' ಎಂದು ತಿದ್ದಿಸು. ಪಾದ್ರಿಗಳು ತಿದ್ದಿಕೊಡುತ್ತಾರೆ. ನಿನ್ನ ಮೇಲೆ ನನಗೆ ಪೂರ್ಣ ಭರವಸೆಯಿದೆ.

ಇಂತು,
ನಿನ್ನ ಪ್ರೀತಿಯ ತಂದೆ,
ವಿಲ್ಫ್ರೆಡ್ ಆಶ್ವರ್ತ್

ಮರುಬರಹ: ಇಷ್ಟನ್ನು ಬರೆದು ಲಕೋಟೆಯನ್ನು ಅಂಟಿಸಿ ಮತ್ತೆ ಒಡೆದೆ. ನನ್ನ ಸಾಲಿಗಾಗಿ ಹನ್ನೆರಡು ದಿನ ಬೇಕಾಗಿರಲಿಲ್ಲ. ಅದನ್ನು ಓದಿ ಡೋರೀನಳಂತೆ ನಾನೂ ನಕ್ಕುಬಿಡುತ್ತಿದ್ದೆ. ಅದರ ಕೆಳಗಿನ ಸಾಲು ನನ್ನನ್ನು ಕೂರಿಸಿಬಿಟ್ಟಿತು. ಐರೀನ್ ಆಶ್ವರ್ತ್, ದಿವಂಗತೆ, ಉದ್ಯೋಗ: ಇಲ್ಲ. ನನಗೊಂದು ಸುಳ್ಳು ಹುದ್ದೆಯನ್ನಾದರೂ ಕೊಟ್ಟೆ, ತಾಯಿಗೆ ಅದನ್ನೂ ಕೊಡಲಿಲ್ಲ. ಇಪ್ಪತ್ತೆರಡು ವರ್ಷ ಅವಳು ವಕೀಲರ ಕಚೇರಿಯ ನೆಲವನ್ನು ಒರೆಸಿದಳು. ಅವರು ಬಿಸಾಡಿದ ಕಾಗದಗಳಲ್ಲಿ ಒಂದು ಬದಿ ಖಾಲಿಯಿದ್ದವನ್ನು ಕೇಳಿ ತಂದು, ದಾರದಿಂದ ಹೊಲಿದು ನಿನಗೆ ಪುಸ್ತಕ ಮಾಡಿಕೊಟ್ಟಳು. ನೀನು ಅಕ್ಷರ ತಿದ್ದಿದ್ದು ಆ ಪುಸ್ತಕಗಳಲ್ಲಿ. ತಾನು ಮಾಡಿದ ಕೆಲಸವನ್ನು ಹೇಳಲು ಅವಳು ಮದುವೆಗೆ ಬರಲಾರಳು. 'ಕಚೇರಿ ಶುಚಿಗೊಳಿಸುವವಳು' ಎಂದು ನಿನ್ನ ಕೈಯಾರೆ ಬರೆದುಕೊಡು. ಎರಡರಲ್ಲಿ ಒಂದನ್ನು ಮಾತ್ರ ತಿದ್ದಲು ಮನಸ್ಸಾದರೆ, ನನ್ನದನ್ನು ಬಿಟ್ಟು ಅವಳದನ್ನು ತಿದ್ದು. ನಾನು ಸಹಿ ಮಾಡುತ್ತೇನೆ, ಆ ಪಾಪ ನನಗಿರಲಿ.

ನಿನ್ನನ್ನೂ ಫೀಲಿಕ್ಸನನ್ನೂ, ಬೀಗರ ಮನೆಯವರನ್ನೂ, ಇಲ್ಲಿರುವ ನನ್ನನ್ನೂ ಡೋರೀನಳನ್ನೂ, ಮಣ್ಣಿನಲ್ಲಿ ವಿಶ್ರಮಿಸುತ್ತಿರುವ ನಿನ್ನ ತಾಯಿಯನ್ನೂ ಕರ್ತನು ಒಂದೇ ಅಂಗೈಯಲ್ಲಿ ಹಿಡಿದು ಕಾಪಾಡಲಿ. ಆಮೆನ್.