ಮಂಚದ ಕಂಬಿಗಳು ಎಲ್ಲಿ ಹೋದವು

ಜೂನ್ 5, ಸೋಮವಾರ

ಮತ್ತೆ ಸಿವಿ. ಮೂರನೆಯ ಕರಡು. ವಿಶ್ವವಿದ್ಯಾಲಯದ ಕಾಯಂ ಹುದ್ದೆಗೆ ಇದೇ ಕೊನೆಯ ಅವಕಾಶ, ವಯಸ್ಸು ಐವತ್ತೊಂಬತ್ತು. ಇಪ್ಪತ್ತು ವರ್ಷ ನರ್ಸ್ ಆಗಿದ್ದು, ಆಮೇಲೆ ಸಂಶೋಧನೆಗೆ ಬಂದವಳು. ‘ನಿಮ್ಮ ಸಂಶೋಧನೆಯಿಂದಾದ ಪರಿಣಾಮ’ — ಇದನ್ನು ತುಂಬಲು ಅರ್ಜಿಯಲ್ಲಿ ಇಡೀ ಪುಟ ಖಾಲಿ ಬಿಟ್ಟಿದ್ದಾರೆ.

ಆದದ್ದು ಇಷ್ಟೇ. ವೃದ್ಧಾಶ್ರಮದ ಮಂಚಕ್ಕೆ ಅಡ್ಡಕಂಬಿ ಹಾಕಿದರೂ ಮುದುಕರು ಬೀಳುವುದು ತಪ್ಪುವುದಿಲ್ಲ ಎಂದು ತೋರಿಸಿದೆ. ಮೂರು ಆಶ್ರಮಗಳು ಕಂಬಿ ಬಿಚ್ಚಿದವು.

ಜೂನ್ 7

ವಿಭಾಗದ ಮುಖ್ಯಸ್ಥ ಯೆಲ್ಮರ್ ಕರಡು ಓದಿದ. ನನ್ನ ಮಗನ ವಯಸ್ಸು. ಕಾಫಿಯ ಜೊತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದ.

“ಫ್ರೌಕೆ, ಕಂಬಿ ಬಿಚ್ಚಿದ್ದನ್ನೆಲ್ಲ ಸಿವೀಲಿ ಬರೀತಾರಾ? ‘ರಾಷ್ಟ್ರೀಯ ನೀತಿ ಬದಲಾಯ್ತು’ ಅಂತ ಹಾಕಿ.”

“ಬದಲಾಗಿಲ್ವಲ್ಲಪ್ಪ.”

“ಸರ್ಕಾರದ ಮಾರ್ಗಸೂಚೀಲಿ ನಿಮ್ಮ ಹೆಸರಿದೆಯಲ್ಲ?”

“ಕೊನೇ ಪುಟದಲ್ಲಿ. ಕೃತಜ್ಞತೆ ಅಂತ. ಹದಿನೇಳನೇ ಹೆಸರು.”

“ಎಲ್ರೂ ಸ್ವಲ್ಪ ಉಬ್ಬಿಸ್ತಾರೆ. ನೀವೊಬ್ರೇ ಹರಿಶ್ಚಂದ್ರನ ಮೊಮ್ಮಗಳಾದ್ರೆ ಹುದ್ದೆ ಕೈತಪ್ಪತ್ತೆ.”

ತಪ್ಪಲಿ ಎನ್ನಲಿಲ್ಲ. ಬೇಕು ಆ ಹುದ್ದೆ. ಸುಳ್ಳು ಹೇಳಿ ಬೇಡ, ಅಷ್ಟೇ.

ಜೂನ್ 11

‘ರಾಷ್ಟ್ರೀಯ ನೀತಿ...’ ಬರೆದೆ. ಅಳಿಸಿದೆ.

ಆಗಸ್ಟ್ 20, ಭಾನುವಾರ

ಕಳಿಸಿದ್ದು ನನ್ನ ಸಾಲನ್ನೇ: ‘ಮೂರು ಆಶ್ರಮ, ನೂರ ನಾಲ್ಕು ಮಂಚ. ಕಂಬಿ ಇಲ್ಲ.’ ಆದರೂ ಸಂದರ್ಶನಕ್ಕೆ ಕರೆದಿದ್ದಾರೆ! ನಾಡಿದ್ದು.

ಆ ಮೂರರಲ್ಲೊಂದು ಆಶ್ರಮದಲ್ಲಿರುವ ಆಟ್ಯೆ ಅಜ್ಜಿಯನ್ನು ನೋಡಿ ಬಂದೆ. ತೊಂಬತ್ತೊಂದು. ಬಿಚ್ಚಿದ ಕಂಬಿಗಳನ್ನು ಹಿತ್ತಲಲ್ಲಿ ಬೀನ್ಸ್ ಬಳ್ಳಿಗೆ ಆಸರೆ ನಿಲ್ಲಿಸಿದ್ದಾಳೆ.

“ಆರು ವರ್ಷ ನನ್ನ ಕೂಡಿಹಾಕಿದ್ವು. ಈಗ ದುಡೀಲಿ, ಮುಂಡೇವು!”

ಒಂದು ಚೀಲ ಬೀನ್ಸ್ ಕಿತ್ತು ಕೊಟ್ಟಳು. “ಆ ಪ್ರೊಫೆಸರುಗಳಿಗೆ ಹೇಳೇ, ನಾನೇ ಎದ್ದು ಬಚ್ಚಲಿಗೆ ಹೋಗ್ತೀನಿ ಅಂತ. ಯಾರನ್ನೂ ಕೂಗಲ್ಲ.”

ಆಗಸ್ಟ್ 22, ಸಂಜೆ 5

ಐದು ಜನ. ಮೂಲೆಯಲ್ಲಿ ಯೆಲ್ಮರ್. ಅಧ್ಯಕ್ಷರು ಕನ್ನಡಕ ಏರಿಸಿದರು.

“ಬೀಳೋದು ಎಷ್ಟು ಕಡಿಮೆ ಆಯ್ತು?”

“ಕಡಿಮೆ ಆಗಿಲ್ಲ. ಹೆಚ್ಚೂ ಆಗಿಲ್ಲ.”

“ಹಾಗಾದ್ರೆ ಪರಿಣಾಮ ಏನು ಬಂತು?”

ಯೆಲ್ಮರ್ ನೆಲ ನೋಡಿದ.

“ತೊಂಬತ್ತೊಂದರ ಅಜ್ಜಿ ತಾನೇ ಎದ್ದು ಬಚ್ಚಲಿಗೆ ಹೋಗ್ತಾಳೆ. ಇದಕ್ಕಿಂತ ದೊಡ್ಡದು ನನ್ನ ಹತ್ರ ಇಲ್ಲ.”

ತುದಿಯಲ್ಲಿದ್ದ ಹೆಂಗಸು ಪೆನ್ನು ಕೆಳಗಿಟ್ಟಳು. “ಆ ಕಂಬಿಗಳು ಈಗೆಲ್ಲಿವೆ?”

ಅಜ್ಜಿಯ ಬೀನ್ಸ್ ಚೀಲ ಕಾಲ ಬಳಿಯೇ ಇತ್ತು. ಎತ್ತಿ, ಅವರ ಕಾಗದಗಳ ಮೇಲೆಯೇ ಸುರಿದೆ. ಅಧ್ಯಕ್ಷರು ಒಂದು ಕಾಯಿ ತೆಗೆದು ಪಟ್ಟೆಂದು ಮುರಿದು, ಮೂಸಿ —

ಬರೆಯುತ್ತಿರುವಾಗಲೇ ಫೋನು. ಯೆಲ್ಮರ್. ತೀರ್ಮಾನ ಇಷ್ಟು ಬೇಗ...